ಹೊಳೆಯಬಾರದ ಗೋಡೆ

ನನ್ನ ಅಕ್ಷರ ದುಂಡಾಗಿಲ್ಲ, ಸಾಲು ಸಾಗುತ್ತಾ ಸಾಗುತ್ತಾ ಕೆಳಗೆ ಇಳಿದುಬಿಡುತ್ತದೆ. ಓದುವವರು ಕ್ಷಮಿಸಬೇಕು. ಒಂಬತ್ತನೇ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟವಳು ನಾನು, ದೊಡ್ಡ ಮಾತುಗಳು ಬರುವುದಿಲ್ಲ. ‘ನಿಮಗೆ ಗೊತ್ತಿರುವ ಒಬ್ಬರ ಬಗ್ಗೆ ಬರೆದುಕೊಡಿ’ ಎಂದು ವಾಚನಾಲಯದ ಬಾಗಿಲಿಗೆ ಚೀಟಿ ಅಂಟಿಸಿದ್ದರು. ನಾನು ಬರೆದಿರುವುದು ನನ್ನ ಸೋದರಮಾವನ ಬಗ್ಗೆ. ಇದರಲ್ಲಿ ಬರುವ ತಂಗಿ ನನ್ನ ಅಮ್ಮ. ನಾನು ಕಣ್ಣಾರೆ ನೋಡದ್ದನ್ನು ಇಬ್ಬರನ್ನೂ ಎರಡೆರಡು ಸಲ ಕೇಳಿ ಬರೆದಿದ್ದೇನೆ. ‘ಏನೂ ಬಿಡಬೇಡ, ಎಲ್ಲಾ ಬರಿ’ ಎಂದು ಮಾವನೇ ಹೇಳಿದ್ದಾರೆ.

ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಕನ್ನಡಿ ಮೇಸ್ತ್ರಿ ಎಂದರೆ ಚಿಕ್ಕ ಮಕ್ಕಳೂ ಮನೆ ತೋರಿಸುತ್ತಾರೆ. ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಕೈ ಅವರದು. ಅವರು ಉಜ್ಜಿದ ಸಿಮೆಂಟ್ ನೆಲದಲ್ಲಿ ಕಿಟಕಿಯ ಸರಳುಗಳು ತಲೆಕೆಳಗಾಗಿ ಕಾಣುತ್ತಿದ್ದವು. ‘ಇವರ ನೆಲದ ಮೇಲೆ ಬಗ್ಗಿ ನಿಂತು ತಲೆ ಬಾಚ್ಕೋಬಹುದು’ ಎಂದು ಜನ ನಗುತ್ತಿದ್ದರು. ಆ ಹೊಳಪಿನ ಗುಟ್ಟು ಒಂದು ಸಣ್ಣ ಬಟ್ಟೆಯ ಗಂಟು. ಅದರೊಳಗೆ ಒಣ ಸಿಮೆಂಟ್. ನೆಲ ಇನ್ನೂ ಹಸಿಯಾಗಿರುವಾಗ ಗಂಟನ್ನು ಮೆಲ್ಲಗೆ ತಟ್ಟಿದರೆ ಪುಡಿ ಮಂಜಿನ ಹಾಗೆ ಇಳಿಯುತ್ತಿತ್ತು. ಆಮೇಲೆ ಕರಣೆ ಆಡಿಸುತ್ತಾ ಕೂತರೆ ಅವರಿಗೆ ಊಟದ ನೆನಪೂ ಇರುತ್ತಿರಲಿಲ್ಲ.

ಟೈಲ್ಸ್ ಬಂದ ಮೇಲೆ ನೆಲ ಉಜ್ಜಿಸುವವರು ಇಲ್ಲವಾದರು. ಕನ್ನಡಿ ಮೇಸ್ತ್ರಿ ಕಾಂಪೌಂಡ್ ಗೋಡೆಗೆ, ಚರಂಡಿಯ ಮುಚ್ಚಳಕ್ಕೆ ಸಿಮೆಂಟ್ ಬಳಿಯುವಂತಾಯಿತು. ಬಟ್ಟೆಯ ಗಂಟು ಮಾತ್ರ ದಿನವೂ ಅಂಗಿಯ ಜೇಬಿನಲ್ಲೇ ಇರುತ್ತಿತ್ತು.

ಹೀಗಿರುವಾಗ ಊರಿನ ಹಳೆಯ ಬಸ್ ಡಿಪೋ ಒಡೆದು ಅಲ್ಲಿ ಸ್ಕೇಟ್‌ಪಾರ್ಕ್ ಕಟ್ಟಲು ಶುರು ಮಾಡಿದರು. ಮಕ್ಕಳು ಚಕ್ರದ ಹಲಗೆಯ ಮೇಲೆ ನಿಂತು ಜಾರಿ ಇಳಿದು, ಅದೇ ವೇಗದಲ್ಲಿ ಎದುರು ಗೋಡೆ ಹತ್ತುವ ಜಾಗ ಅದು. ನಡುವೆ ಬಾವಿಯಂತೆ ಆಳ, ಆದರೆ ಎಲ್ಲೂ ಮೂಲೆಯಿಲ್ಲ. ಕೆಲಸದವರು ಅದಕ್ಕೆ ಬೋಗುಣಿ ಎಂದು ಹೆಸರಿಟ್ಟರು. ಬೋಗುಣಿಯ ಮೈ ನಯ ಮಾಡಲು ಮೇಸ್ತ್ರಿಗೆ ಕರೆ ಬಂತು. ಅವರ ಮಾತಿನ ಮೇಲೆ ತಂಗಿಗೂ ಕೆಲಸ ಸಿಕ್ಕಿತು. ಹಾಕಿದ ಕಾಂಕ್ರೀಟ್‌ಗೆ ಗೋಣಿಚೀಲ ಹೊದಿಸಿ, ಅದು ಒಣಗದ ಹಾಗೆ ನೀರು ಹೊಡೆಯುವುದು ಅವಳ ಪಾಲು. ನೀರು ಸಾಲದಿದ್ದರೆ ಕಾಂಕ್ರೀಟ್ ಗಟ್ಟಿಯಾಗದೆ ಮೇಲ್ಮೈ ಉದುರುತ್ತದೆ.

ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಮೇಡಂಗೆ ಮೂವತ್ತರ ಆಸುಪಾಸು. ಅವರ ಗಲ್ಲದ ಮೇಲೊಂದು ಗಾಯದ ಗುರುತು ಇತ್ತು, ಸಣ್ಣವರಿದ್ದಾಗ ಹಲಗೆಯಿಂದ ಬಿದ್ದದ್ದಂತೆ. ಮೊದಲ ದಿನವೇ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ಹೇಳಿದರು.

“ಮೇಸ್ತ್ರಿ, ನಿಮ್ಮ ನೆಲ ನೋಡಿದೀನಿ. ಇಲ್ಲಿ ಅದು ಬೇಡ. ಚಕ್ರಕ್ಕೆ ಹಿಡಿತ ಬೇಕು. ಕೊನೇಲಿ ಒಣ ಸಿಮೆಂಟ್ ಮಾತ್ರ ಉದುರಿಸ್ಬೇಡಿ. ಮೇಲೊಂದು ತೆಳು ಪದರ ಕಟ್ಟುತ್ತೆ, ಆಮೇಲೆ ಗಾಯದ ಹಕ್ಕಳೆ ಹಾಗೆ ಎದ್ದುಬರುತ್ತೆ.”

“ಆಯ್ತು ಮೇಡಂ,” ಎಂದರು ಮೇಸ್ತ್ರಿ.

ಬೋಗುಣಿಯನ್ನು ಹನ್ನೊಂದು ಭಾಗ ಮಾಡಿ ಒಂದೊಂದಾಗಿ ಕಟ್ಟಿದರು. ಹತ್ತು ಭಾಗಗಳನ್ನು ಮೇಸ್ತ್ರಿ ಮೇಡಂ ಹೇಳಿದ ಹಾಗೇ ಮುಗಿಸಿದರು. ಪ್ರತಿ ಸಂಜೆ ಆ ಬೂದು ಗೋಡೆ ನೋಡಿದಾಗ ಅವರಿಗೆ ಮುಖ ತೊಳೆಯದೆ ಹೊರಗೆ ಬಂದ ಹಾಗೆ ಅನಿಸುತ್ತಿತ್ತಂತೆ. ಉಳಿದ ಹನ್ನೊಂದನೆಯದು ಗೇಟಿಗೆ ಎದುರಾಗಿ, ಒಳಗೆ ಬಂದವರ ಕಣ್ಣು ಮೊದಲು ಬೀಳುವ ಗೋಡೆ. ಅದನ್ನು ಮುಗಿಸುವ ದಿನ ಮೇಡಂ ಪಕ್ಕದ ಊರಿಗೆ ಹೋಗಿದ್ದರು, ಅಲ್ಲೂ ಇಂಥದ್ದೇ ಪಾರ್ಕ್ ಶುರುವಾಗುವುದರಲ್ಲಿತ್ತು. ತಂಗಿ ಡ್ರಮ್ಮಿಗೆ ನೀರು ತುಂಬಲು ಹೋಗಿದ್ದಳು. ಉಳಿದವರು ಊಟಕ್ಕೆ ಕೂತಿದ್ದರು. ಮೇಸ್ತ್ರಿಯ ಕೈ ತಾನಾಗಿ ಜೇಬಿಗೆ ಹೋಯಿತು.

ಅರ್ಧ ಗಂಟೆಯ ಕೆಲಸ. ಗೋಡೆ ಹೊಳೆಯಿತು. ಹತ್ತು ವರ್ಷದ ಮೇಲೆ ಅವರು ಅಷ್ಟು ಸಂತೋಷಪಟ್ಟಿದ್ದು ಅಂದೇ.

ಗೋಣಿಚೀಲ ತೆಗೆದ ದಿನ ಮೇಡಂ ಹುಬ್ಬು ಗಂಟಿಕ್ಕಿದರು. “ಇದೊಂದು ಯಾಕೆ ಹೊಳೀತಿದೆ?”

“ಕರಣೆ ಸ್ವಲ್ಪ ಜಾಸ್ತಿ ಓಡ್ತು ಮೇಡಂ.”

“ಹಳೇ ಚಾಳಿ,” ಎಂದು ಅವರು ನಕ್ಕು ಮುಂದೆ ಹೋದರು.

ಒಂದು ತಿಂಗಳ ನಂತರ, ಪಾರ್ಕ್ ತೆರೆಯುವ ಮೊದಲು, ಪರೀಕ್ಷೆಗೆಂದು ಆರು ಮಕ್ಕಳನ್ನು ಕರೆಸಿದರು. ಹಳದಿ ಹೆಲ್ಮೆಟ್ಟಿನ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಆ ಹೊಳೆಯುವ ಗೋಡೆಯನ್ನು ಮೂರು ಸಲ ಹತ್ತಿಳಿದಳು. ನಾಲ್ಕನೇ ಸಲ ಚಕ್ರದಡಿಯಲ್ಲಿ ಅಂಗೈ ಅಗಲದ ಸಿಪ್ಪೆ ಎದ್ದಿತು. ಹಲಗೆ ಅಲ್ಲೇ ನಿಂತಿತು, ಹುಡುಗಿ ನಿಲ್ಲಲಿಲ್ಲ. ಅವಳ ಮಣಿಕಟ್ಟು ಮುರಿಯಿತು.

ಅವಳನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮೇಡಂ ಬೋಗುಣಿಗೆ ಇಳಿದು ಬೀಗದ ಕೈಯಿಂದ ಗೋಡೆ ಕೆರೆದರು. ಇನ್ನಷ್ಟು ಸಿಪ್ಪೆ ಉದುರಿತು. ಮೇಲೆ ಹನ್ನೆರಡು ಜನ ಕೆಲಸದವರು ಸುತ್ತ ನಿಂತಿದ್ದರು.

“ಮೇಸ್ತ್ರಿ, ನಿಜ ಹೇಳಿ. ಒಣ ಸಿಮೆಂಟ್ ಹಾಕಿದ್ರಾ?”

ಮೇಸ್ತ್ರಿ ಸುತ್ತ ನಿಂತ ಮುಖಗಳನ್ನು ನೋಡಿದರು. ಅದರಲ್ಲಿ ನಾಲ್ವರಿಗೆ ಕರಣೆ ಹಿಡಿಯಲು ಕಲಿಸಿದವರೇ ಅವರು.

“ಇಲ್ಲ ಮೇಡಂ. ನೀವು ಬೇಡ ಅಂದ್ಮೇಲೆ ಹಾಕ್ತೀನಾ?”

“ಹಾಗಾದ್ರೆ ನೀರು ಸರಿಯಾಗಿ ಬಿದ್ದಿಲ್ಲ.” ಮೇಡಂ ತಂಗಿಯ ಕಡೆ ತಿರುಗಿದರು. “ಏನಮ್ಮಾ, ಈ ಗೋಡೆಗೆ ದಿನಕ್ಕೆ ಎಷ್ಟು ಸಲ ಹೊಡೆದ್ರಿ?”

“ನಾಲ್ಕು ಸಲ. ಬಿಸಿಲು ಜೋರಿದ್ದ ದಿನ ಐದು.”

“ಹೊಡೆದಿದ್ರೆ ಹೀಗಾಗ್ತಿರ್ಲಿಲ್ಲ. ಒಂದು ಮಗು ಕೈ ಮುರ್ಕೊಂಡಿದೆ. ನಾಳೆಯಿಂದ ಬರಬೇಡಿ.”

ತಂಗಿ ಅಣ್ಣನ ಮುಖವನ್ನು ಒಂದೇ ಒಂದು ಸಲ ನೋಡಿದಳು. ಆಮೇಲೆ ಪೈಪನ್ನು ಸುತ್ತಿ ಮೊಳೆಗೆ ನೇತುಹಾಕಿ ಹೊರಟಳು.

ಮಧ್ಯಾಹ್ನ ಮನೆಯಲ್ಲಿ ಅಣ್ಣನಿಗೆ ಎಂದಿನ ಹಾಗೆ ಬಡಿಸಿದಳು. ತಟ್ಟೆಯ ಪಕ್ಕ ಏನೋ ಇಟ್ಟಳು, ಟಕ್ ಎಂದು ಸದ್ದಾಯಿತು. ನೋಡಿದರೆ ಬಟ್ಟೆಯ ಗಂಟು, ಕಲ್ಲಾಗಿತ್ತು.

“ಆ ಗೋಡೆ ಮುಗಿಸಿದ ದಿನ ಒಗೆಯೋಕೆ ಹಾಕಿದ್ದ ಅಂಗಿ ಜೇಬಲ್ಲಿತ್ತು, ಅರ್ಧ ಖಾಲಿ. ಗೊತ್ತಾಗದೆ ನೀರಲ್ಲಿ ನೆನೆಸಿಬಿಟ್ಟಿದ್ದೆ. ತಿಂಗಳ ಮೇಲಾಯ್ತು.”

ಮೇಸ್ತ್ರಿ ತಟ್ಟೆ ಪಕ್ಕಕ್ಕೆ ಸರಿಸಿದರು. “ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ ಅಣ್ಣ.”

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡಳು.

“ಎಲ್ಲಿಗೆ?”

“ಪಾರ್ಕಿನ ಆಚೆ ಮೆಟ್ಟಿಲಿಗೆ ನೀರು ಹೊಡೀಬೇಕು. ಹಾಕಿ ಇವತ್ತಿಗೆ ನಾಲ್ಕೇ ದಿನ.”

“ನಿನ್ನ ತೆಗೆದುಹಾಕಿದಾರಲ್ಲೇ!”

“ಮೆಟ್ಟಿಲಿಗೆ ಅದು ಗೊತ್ತಿಲ್ವಲ್ಲ,” ಎಂದು ಹೋದಳು.

ಮೇಸ್ತ್ರಿ ಕೈ ತೊಳೆದು ಹಿಂದೆಯೇ ಹೋದರು. ಗೇಟಿನ ಹತ್ತಿರ ನಿಂತು ನೋಡಿದರು. ಕೂಲಿಯಿಲ್ಲ, ಕೆಲಸವಿಲ್ಲ, ಕೆಲಸಗಳ್ಳಿ ಎನಿಸಿಕೊಂಡದ್ದಷ್ಟೇ ಲಾಭ. ಆದರೂ ಅವಳು ಒಂದೊಂದು ಮೆಟ್ಟಿಲ ಗೋಣಿಯನ್ನೂ ಕೈಯಿಂದ ಒತ್ತಿ ನೋಡಿ, ಒಣಗಿದ ಕಡೆ ಮತ್ತೆ ನೀರು ಬಿಡುತ್ತಿದ್ದಳು. ‘ನಲವತ್ತು ವರ್ಷ ನಾನು ಕಲಿತ ಕೆಲಸ ಏನು ಎಂದು ಆಗ ನನ್ನನ್ನೇ ಕೇಳಿಕೊಂಡೆ’ ಎಂದರು ಮಾವ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಮೇಡಂ ತಗಡಿನ ಶೆಡ್ಡಿನಲ್ಲಿದ್ದರು. ಮೇಸ್ತ್ರಿ ಹೋಗಿ ಮೇಜಿನ ಮೇಲೆ ಆ ಗಂಟನ್ನಿಟ್ಟರು.

“ನಾನೇ ಹಾಕಿದ್ದು. ನನ್ನ ತಂಗಿ ನೀರು ಹೊಡೆದಿದ್ದಳು.”

ಮೇಡಂ ಆ ಗಂಟನ್ನು ಕೈಗೆತ್ತಿಕೊಂಡರು. “ನಾನು ಕೇಳ್ದಾಗ ಹೇಳ್ಬಹುದಿತ್ತಲ್ಲ?”

“ಹೆಸರು ಹೋಗುತ್ತೆ ಅಂತ…”

“ನಿಮ್ಮ ಹೆಸರು. ಆ ಮಗೂದು ಕೈ.”

ಮೇಡಂ ತಾವೇ ಮೆಟ್ಟಿಲ ಹತ್ತಿರ ಹೋಗಿ ತಂಗಿಯ ಕ್ಷಮೆ ಕೇಳಿದರು. ಮೇಸ್ತ್ರಿಗೆ ಹೇಳಿದ್ದು ಇಷ್ಟು: “ಪಕ್ಕದೂರಿನ ಕೆಲಸಕ್ಕೆ ನಿಮ್ಮನ್ನೇ ಕರ್ಕೊಂಡು ಹೋಗ್ಬೇಕು ಅಂತಿದ್ದೆ. ಈಗ ಆಗಲ್ಲ. ಈ ಗೋಡೆ ನೀವೇ ಒಡೀರಿ, ನೀವೇ ಕಟ್ಟಿ. ಅಲ್ಲಿಗೆ ಮುಗೀತು.”

ಮರುದಿನ ಬೆಳಗ್ಗೆ ಮೇಸ್ತ್ರಿ ಹನ್ನೆರಡು ಜನರನ್ನೂ ಕರೆದು ನಡೆದದ್ದನ್ನು ಹೇಳಿದರು. ಸಂಜೆ ಹುಡುಗಿಯ ಮನೆಗೆ ಹೋದರು. ಅವಳ ತಾಯಿ ಒಳಗೆ ಕರೆಯಲಿಲ್ಲ. ಹುಡುಗಿಯೇ ಪ್ಲಾಸ್ಟರಿನ ಕೈ ಎತ್ತಿಕೊಂಡು ಬಾಗಿಲಿಗೆ ಬಂದಳು.

“ತಾತ, ನಿಮ್ಮ ಗೋಡೆ ಸಿಪ್ಪೆ ಸುಲೀತಿತ್ತು.”

“ಹೌದು ಪುಟ್ಟಿ, ತಪ್ಪು ನಂದು. ಒಡೆದು ಬೇರೆ ಕಟ್ತೀನಿ.”

“ನನ್ನ ಕೈ ಸರಿಹೋಗೋಷ್ಟರಲ್ಲಿ ಆಗುತ್ತಾ?”

“ಆಗುತ್ತೆ,” ಎಂದರು. ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿತ್ತಂತೆ.

ಉಳಿ ಸುತ್ತಿಗೆ ಹಿಡಿದು ಮೂರು ದಿನ ಒಡೆದರು. ಅವರಿಂದ ಕೆಲಸ ಕಲಿತವರು ಸಹಾಯಕ್ಕೆ ಬಂದರೆ ಬೇಡ ಎಂದರು. ನಿನ್ನೆ ಹೊಸ ಕಾಂಕ್ರೀಟ್ ಹಾಕಿ ಮುಗಿಸಿದರು. ಜೇಬು ಖಾಲಿ. ಗೋಡೆ ಬೆಕ್ಕಿನ ನಾಲಿಗೆಯಷ್ಟು ಒರಟಾಗಿದೆ, ಬೂದು ಬಣ್ಣ, ಅದರಲ್ಲಿ ಏನೂ ಕಾಣುವುದಿಲ್ಲ. ಪಕ್ಕದಲ್ಲಿದ್ದ ಕೆಲಸದವನೊಬ್ಬ ಸುಮ್ಮನಿರಲಾರದೆ, “ಏನ್ ಮೇಸ್ತ್ರಿ, ಇದ್ರಲ್ಲಿ ತಲೆ ಬಾಚೋಕಾಗಲ್ವಲ್ಲ?” ಎಂದ.

“ಮನೇಲಿ ಬಾಚ್ಕೊಂಡ್ ಬಾ,” ಎಂದರು ಮೇಸ್ತ್ರಿ. ನಗಲಿಲ್ಲ. ಕರಣೆ ತೊಳೆದು, ಒರೆಸಿ, ಚೀಲಕ್ಕೆ ಹಾಕಿದರು. ತಂಗಿ ಗೋಣಿಚೀಲ ಹೊದಿಸಿದಳು.

ಆ ಗೋಡೆಗೆ ಇನ್ನೂ ಹಲವು ದಿನ ನೀರು ಬೇಕು. ನಾಳೆ ಬೆಳಗ್ಗೆ ಈ ಹಾಳೆಗಳನ್ನು ವಾಚನಾಲಯಕ್ಕೆ ಕೊಟ್ಟು, ಅಲ್ಲಿಂದ ಅಮ್ಮನ ಜೊತೆ ಹೋಗಿ ನಾನೂ ನೀರು ಹೊಡೆಯುತ್ತೇನೆ.