ಎರಡು ಬಾಗಿಲಿನ ಟೆಂಟು

ಮಲ್ಲೇಶ್ವರದ ಆ ಅಂಗಡಿಯವರು ಮೊದಲು ಕೇಳಿದ್ದು ಟೆಂಟು ಎಷ್ಟು ಜನಕ್ಕೆ ಬೇಕು ಎಂದು. ನಾನು ಮೂರು ಅಂದೆ. ಆಮೇಲೆ, ಇಲ್ಲ, ಇಬ್ಬರಿಗೆ ಅಂದೆ. ಮಗಳು ನನ್ನ ಮುಖ ನೋಡದೆ, ಹಲ್ಲು ಕಚ್ಚಿಕೊಂಡು, "ಮೂರು ಜನದ್ದೇ ತೋರ್ಸಿ" ಅಂದಳು.

ಮೂರು ಜನಕ್ಕೆ ಎಂದು ಬರೆದಿದ್ದರೆ ಇಬ್ಬರು ಮತ್ತು ಅವರ ಚೀಲಗಳಷ್ಟೇ ಅದರಲ್ಲಿ ಹಿಡಿಯುತ್ತವೆ ಎಂದು ಅಂಗಡಿಯವರು ವಿವರಿಸಿದರು. ಹಾಗಾಗಿ ಇಬ್ಬರ ಮಾತೂ ನಡೆದಂತಾಯಿತು.

ನಮ್ಮವರನ್ನು, ಇವಳ ಅಪ್ಪನನ್ನು, ಕೊಂದದ್ದು ಚಾಮರಾಜಪೇಟೆಯ ನಮ್ಮ ಮನೆಯ ಪಕ್ಕದ ಕ್ರಾಸಿನಲ್ಲಿ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ. ಕೊಂದರು ಎಂಬ ಮಾತು ನನ್ನ ಬಾಯಿಗೆ ಬರಲು ಬಹಳ ಕಾಲ ಹಿಡಿಯಿತು. ಕೇಳಿದವರಿಗೆಲ್ಲ 'ಹೋಗ್ಬಿಟ್ರು' ಎನ್ನುತ್ತಿದ್ದೆ, ಆಫೀಸಿಗೆ ಹೋದವರ ಬಗ್ಗೆ ಹೇಳುವ ಹಾಗೆ.

ಅವರು ಮಗಳನ್ನು ಟ್ಯೂಷನ್ನಿನಿಂದ ಕಾರಿನಲ್ಲಿ ಕರೆತರುತ್ತಿದ್ದರು. ಎದುರಿಗೆ ಸ್ಕೂಟರಿನಲ್ಲಿ ಇಬ್ಬರು ತಪ್ಪು ದಿಕ್ಕಿನಲ್ಲಿ ಬಂದರು. ದಾರಿ ಬಿಡಲೆಂದು ಇವರು ಕಾರನ್ನು ಒಂದು ಮನೆಯ ಕಾಂಪೌಂಡಿಗೆ ಅಂಟಿಸಿ ನಿಲ್ಲಿಸಿದರು. ಆದರೂ ಕಾರಿನ ಕನ್ನಡಿ ಸ್ಕೂಟರಿಗೆ ತಾಗಿತು. ಅವರಿಬ್ಬರೂ ಕಾರಿನ ಮೇಲೆ ಬಡಿಯತೊಡಗಿದರು. ನಮ್ಮ ಬೀದಿಯಲ್ಲಿ ನೀರಿನ ಜಗಳ, ಗಾಡಿ ನಿಲ್ಲಿಸುವ ಜಗಳ ಏನೇ ಬಂದರೂ ಜನ ನಮ್ಮವರನ್ನು ಕರೆಯುತ್ತಿದ್ದರು. ಮಾತಾಡಿದರೆ ಎಲ್ಲವೂ ಇಳಿಯುತ್ತದೆ ಎಂದು ಅವರು ನಂಬಿದ್ದರು. "ಕೂತಿರು ಪುಟ್ಟಿ, ಮಾತಾಡಿ ಬರ್ತೀನಿ" ಎಂದು ಬಾಗಿಲು ತೆಗೆದು ಇಳಿದರು.

ಅವರ ಬಾಯಿಂದ ಒಂದು ಮಾತೂ ಹೊರಡಲಿಲ್ಲವಂತೆ. ಹೆಲ್ಮೆಟ್ಟಿನ ಮೊದಲ ಏಟು ಬಾಯಿಗೇ ಬಿತ್ತು. ಅವರನ್ನು ಅದೇ ಬಾಗಿಲಿಗೆ ಒತ್ತಿ ಹಿಡಿದು ಹೊಡೆದರು. ಮಗಳ ಕಡೆಯ ಬಾಗಿಲಿಗೆ ಗೋಡೆ ಅಡ್ಡ, ಹಿಂದಿನ ಬಾಗಿಲಿಗೆ ಸ್ಕೂಟರ್ ಅಡ್ಡ. ಅವಳು ಒಳಗಿನಿಂದ ಗಾಜು ಗುದ್ದುತ್ತಲೇ ಇದ್ದಳು. ಆ ಗಾಜಿನ ಹೊರಗೆ ಅವಳ ಅಪ್ಪನ ಬೆನ್ನು. ಆಮೇಲೆ ಆ ಬೆನ್ನು ಕೆಳಗೆ ಜಾರಿತು, ತಲೆ ಮೋರಿಯ ಕಲ್ಲಿಗೆ ಬಡಿಯಿತು. ನಾನು ಓಡಿ ಬಂದಾಗ ಅವಳ ಮುಷ್ಟಿಗಳ ಚರ್ಮ ಕಿತ್ತು ಹೋಗಿತ್ತು. ಗಾಜು ಒಡೆದಿರಲಿಲ್ಲ.

ಹೊಡೆದವರಿಗೆ ಜಾಮೀನು ಸಿಕ್ಕಿದೆ. ಒಬ್ಬನನ್ನು ಒಮ್ಮೆ ಎಳನೀರಿನ ಗಾಡಿಯ ಹತ್ತಿರ ನೋಡಿದೆ. ಕಾಯಿ ಸೀಳಿಸಿಕೊಂಡು ಒಳಗಿನ ಗಂಜಿ ತಿನ್ನುತ್ತಿದ್ದ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಅಂದಿನಿಂದ ಬಟ್ಟೆ ಕತ್ತರಿಸುವಾಗ ಕತ್ತರಿಯ ಎರಡು ಅಲಗುಗಳ ನಡುವೆ ಅವನ ಕುತ್ತಿಗೆಯೇ ಕಾಣುತ್ತದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮಗಳು ನನ್ನ ಹಾಗೆ ಒಳಗೇ ಮುಚ್ಚಿಟ್ಟುಕೊಳ್ಳುವವಳಲ್ಲ. ಅವಳು ಹೊಡೆಯುತ್ತಿದ್ದಳು. ಹಿಂದಿನಿಂದ ಬಂದು ಭುಜ ಮುಟ್ಟಿದ ನನ್ನ ತಮ್ಮನ ಕೆನ್ನೆಗೆ ಬಾರಿಸಿದಳು. ಶಾಲೆಯಲ್ಲಿ ಒಬ್ಬ ಹುಡುಗಿಯ ಹಣೆ ಒಡೆದು ಮನೆಗೆ ಬಂದಳು. ಕೋಣೆಯ ಬಾಗಿಲಿಗೆ ಮಂಚ ತಳ್ಳಿ ಅಡ್ಡವಿಟ್ಟುಕೊಂಡೇ ಮಲಗುತ್ತಿದ್ದಳು. ಆಮೇಲೆ ಶಾಲೆಗೂ ಹೋಗದೆ ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟಿದ್ದಳು. ಹಾಗಿದ್ದವಳು ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದು, "ಅಮ್ಮಾ, ಟೆಂಟ್ ತಗೊಳ್ಳೋಣ, ನಾನೂ ಬರ್ತೀನಿ" ಅಂದಳು. ದಸರಾ ರಜೆಯಲ್ಲಿ ಬೆಟ್ಟದ ಮೇಲೆ ಟೆಂಟು ಹಾಕಿ ಸೂರ್ಯೋದಯ ತೋರಿಸುತ್ತೇನೆ ಎಂದು ಅವಳಪ್ಪ ಮಾತು ಕೊಟ್ಟಿದ್ದರು. ಯಾವ ಟೆಂಟು ಎಂದು ಇಬ್ಬರೂ ಊಟದ ಹೊತ್ತಿನಲ್ಲಿ ಜಗಳವಾಡುತ್ತಿದ್ದರು. ಅವಳು ಹೊರಗೆ ಬರುತ್ತೇನೆ ಎಂದದ್ದೇ ಸಾಕಾಗಿ, ನಾನು ಒಲೆ ಆರಿಸಿ ಸೀರೆ ಉಟ್ಟೆ.

ಅಂಗಡಿಯ ಮಹಡಿಯಲ್ಲಿ ಎರಡು ಟೆಂಟುಗಳನ್ನು ಹಾಕಿಟ್ಟಿದ್ದರು. ಮೊದಲನೆಯದು ಹಸಿರು, ಹಗುರ. ನಾನು ಹೊಲಿಗೆ ತಿರುವಿ ನೋಡಿದೆ. ಹೊಲಿಗೆಯ ಮೇಲೆ ನೀರಿಳಿಯದ ಪಟ್ಟಿ ಅಂಟಿಸಿದ್ದರು, ಕೆಲಸ ಚೊಕ್ಕಟವಾಗಿತ್ತು. ಅಂಗಡಿಯವರು ಮಳೆಯ ಬಗ್ಗೆ, ಗಾಳಿಯ ಬಗ್ಗೆ ಹೇಳುತ್ತಿದ್ದರು. ಮಗಳು ನಡುವೆ ಬಾಯಿ ಹಾಕಿದಳು.

"ಇದನ್ನ ಹೊರಗಡೆಯಿಂದ ತೆಗೀಬಹುದಾ?"

"ತೆಗೀಬಹುದಲ್ಲಮ್ಮ, ಜಿಪ್ ತಾನೆ. ಭಯ ಆದ್ರೆ ಒಳಗಡೆ ಒಂದು ಪುಟ್ಟ ಬೀಗ ಹಾಕ್ಕೊಂಡ್ಬಿಡು."

"ಬೀಗ ಹಾಕ್ಕೊಂಡ್ರೆ ಓಡೋದು ಹೆಂಗೆ?"

ಅವರು ನಕ್ಕು, ಬೆಟ್ಟದ ಮೇಲೆ ಯಾರು ಬರುತ್ತಾರೆ, ಬಂದರೆ ಕರಡಿ ಬರಬೇಕು, ಅದಕ್ಕೆ ಜಿಪ್ ಎಳೆಯಲು ಬರುವುದಿಲ್ಲ ಎಂದರು. ಇವಳು ಹಸಿರು ಟೆಂಟಿನೊಳಗೆ ತಲೆ ಹಾಕಿ ನೋಡಿದಳು. ಒಂದೇ ಬಾಗಿಲು. ಹೊರಗೆ ಬಂದವಳೇ ಅದನ್ನು ಒದ್ದಳು. ಅಂಗಡಿಯವರ ನಗು ನಿಂತಿತು.

ಎರಡನೆಯದು ಬೂದು ಬಣ್ಣದ್ದು, ದೊಡ್ಡದು. ಎರಡು ಪಕ್ಕಕ್ಕೂ ಬಾಗಿಲು. ಭಾರ ಜಾಸ್ತಿ, ಬೆಟ್ಟಕ್ಕೆ ಹೊರುವುದು ಕಷ್ಟ ಎಂದು ಅವರೇ ಹೇಳಿದರು. ಅವಳು ಒಳಗೆ ಹೋದಳು. ನಾನೂ ನುಗ್ಗಿದೆ. ಅವಳು ಜಿಪ್ ಎಳೆದಳು. ಬೂದು ಬೆಳಕಿನಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಳು. ಎಷ್ಟೋ ತಿಂಗಳ ಮೇಲೆ ಅವಳ ಭುಜ ನನ್ನ ಭುಜಕ್ಕೆ ತಾಗಿತು, ಅವಳು ಸರಿಯಲಿಲ್ಲ. ಇದನ್ನೇ ಕೊಂಡರಾಯಿತು ಅಂದುಕೊಂಡೆ.

ಆಗ ಕೆಳಗೆ ರಸ್ತೆಯಲ್ಲಿ ಯಾರೋ, "ಗಾಡಿ ತೆಗಿಯೋ ಲೇ, ನಿಮ್ಮಪ್ಪಂದಾ ರೋಡು" ಎಂದು ಕಿರುಚಿದ. ಇನ್ನೊಬ್ಬ ತಿರುಗಿ ಬೈದ. ಅವಳು ಮನೆಯಿಂದ ತಂದಿದ್ದ ಸ್ಟೀಲಿನ ನೀರಿನ ಬಾಟಲಿಯನ್ನು ಗಟ್ಟಿಯಾಗಿ ಹಿಡಿದಳು. ಅದೇ ಹೊತ್ತಿಗೆ ಅಂಗಡಿಯವರು, ಲಾಟೀನು ತೂಗುಹಾಕುವ ಕೊಕ್ಕೆ ತೋರಿಸಲೆಂದು, ಹೊರಗಿನಿಂದ ಜಿಪ್ ಎಳೆದು ಕೈ ಒಳಗೆ ಚಾಚಿದರು.

ಅವಳು ಬಾಟಲಿಯಿಂದ ಆ ಕೈಯನ್ನು ಹೊಡೆದಳು. ಬೆರಳಿನ ಗಂಟುಗಳ ಮೇಲೆ, ಮತ್ತೆ ಮಣಿಕಟ್ಟಿನ ಮೇಲೆ. ಅವರು ಕೂಗುತ್ತ ಕೈ ಎಳೆದುಕೊಳ್ಳುವಾಗ ಕೋಲು ಕಳಚಿ ಟೆಂಟು ನಮ್ಮ ಮೇಲೆ ಕುಸಿಯಿತು. ನಾನು ಅವಳನ್ನು ಅವುಚಿಕೊಂಡೆ. ಅವಳ ಮೊಣಕೈ ನನ್ನ ಬಾಯಿಗೆ ಬಡಿದು ರಕ್ತದ ರುಚಿ ಬಂತು. ನನ್ನ ತೋಳನ್ನು ಕಚ್ಚಿದಳು, ಬಿಡದೆ ಕಚ್ಚಿದಳು. ನಾನೂ ಕಿರುಚಿದೆ. ನಮ್ಮವರು ಸತ್ತ ದಿನವೂ ನಾನು ಹಾಗೆ ಕಿರುಚಿರಲಿಲ್ಲ. ಬಟ್ಟೆ ಮೂಗಿಗೆ ಮೆತ್ತಿಕೊಂಡು ಉಸಿರು ಕಟ್ಟಿತು. ಕೈಗೆ ಸಿಕ್ಕ ಕೋಲನ್ನು ಹಿಡಿದು ಎದುರಿಗೆ ಯಾರಿದ್ದಾರೋ ಅವರನ್ನು ಚುಚ್ಚಬೇಕು ಅನ್ನಿಸಿತು. ಎದುರಿಗೆ ಬರೀ ಬಟ್ಟೆ.

ಅಷ್ಟರಲ್ಲಿ ಅವಳು ನನ್ನ ತೋಳಿನಿಂದ ಜಾರಿಹೋದಳು. ಬೆನ್ನ ಹಿಂದೆ ಇನ್ನೊಂದು ಬಾಗಿಲಿನ ಜಿಪ್ ಸರ್ರನೆ ಎಳೆದ ಸದ್ದು. ಓಡಿಹೋದಳು, ರಸ್ತೆಗಿಳಿದಳು, ಇನ್ನು ಸಿಗುವುದಿಲ್ಲ ಅಂದುಕೊಂಡೆ. ಆದರೆ ಆ ಕಡೆಯಿಂದಲೇ ಎರಡು ಕೈಗಳು ಒಳಗೆ ಬಂದವು. ನನ್ನ ಕಾಲು ಹಿಡಿದು ಎಳೆದವು.

"ಅಮ್ಮಾ, ಈ ಕಡೆ. ಈ ಕಡೆ ಬಾ, ಇಲ್ಲೊಂದು ಬಾಗ್ಲಿದೆ."

ಹೊರಗೆ ತೆವಳಿ ಬಂದೆ. ಅಂಗಡಿಯವರು ಕುರ್ಚಿಯಲ್ಲಿ ಕೂತು ಕೈ ಹಿಡಿದುಕೊಂಡಿದ್ದರು. ಬೆರಳುಗಳು ಊದುತ್ತಿದ್ದವು. ಹುಡುಗಿಗೆ ಹುಚ್ಚೇ, ಪೊಲೀಸರನ್ನು ಕರೆಸುತ್ತೇನೆ ಎಂದು ಬೈಯುತ್ತಿದ್ದರು. ಬೈಯಲು ಅವರಿಗೆ ಎಲ್ಲ ಹಕ್ಕೂ ಇತ್ತು. ನಾನು ಬಾಯಿಯ ರಕ್ತ ಒರೆಸಿಕೊಂಡು ಹೇಳಿದೆ:

"ಇವಳ ಅಪ್ಪನ್ನ ಕೊಂದ್ರು. ಇವಳ ಕಣ್ಣೆದುರಿಗೇ, ಹೊಡೆದು ಕೊಂದ್ರು."

ಅವರು ಅವಳನ್ನೊಮ್ಮೆ, ತಮ್ಮ ಕೈಯನ್ನೊಮ್ಮೆ ನೋಡಿದರು. ಕೋಪ ಪೂರ್ತಿ ಇಳಿಯದೆಯೇ, "ಅದಕ್ಕೆ ನನ್ನ ಕೈ ಏನ್ ಮಾಡಿತ್ತಮ್ಮಾ?" ಎಂದು ಕೇಳಿದರು. ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವಳು ಮಗಳು. ಆ ಊದಿದ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು.

"ಏನೂ ಮಾಡಿರ್ಲಿಲ್ಲ ಅಂಕಲ್."

ಮತ್ತೆ ಅದನ್ನೇ ಹೇಳಿದಳು. ಮೂರನೆಯ ಸಲ ಹೇಳುವಾಗ ಅಳು ಬಂತು. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅವಳೇ ಅವರ ಕೈ ಮೇಲೆ ಸುರಿದಳು. ಅವರು ಮುಖ ತಿರುಗಿಸಿಕೊಂಡೇ ಕೈ ನೀಡಿದ್ದರು. ಬೂದು ಟೆಂಟನ್ನು ಕೊಂಡೆವು. ಕೋಲು ಕಳಚಿತ್ತೇ ಹೊರತು ಮುರಿದಿರಲಿಲ್ಲ. ಮತ್ತೆ ಈ ಕಡೆ ಬರಬೇಡಿ ಎಂದು ಅವರು ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ.

ಮನೆಗೆ ಬಂದವಳೇ ಮಗಳು ನಡುಮನೆಯಲ್ಲಿ ಟೆಂಟು ನಿಲ್ಲಿಸಿದಳು. ಎರಡು ಬಾಗಿಲನ್ನೂ ಮೇಲಕ್ಕೆ ಸುರುಳಿ ಸುತ್ತಿ ಕಟ್ಟಿದಳು. ಒಳಗೆ ಹೋಗಿ, ಒಂದು ಪಕ್ಕದಲ್ಲಿ ಒಬ್ಬರು ಮಲಗುವಷ್ಟು ಜಾಗ ಬಿಟ್ಟು ಮಲಗಿದಳು. ನಡುಮಧ್ಯಾಹ್ನ. ಬೀದಿಯಲ್ಲಿ ಗಾಡಿಗಳು ಹಾರ್ನ್ ಮಾಡುತ್ತಿದ್ದವು. ಅವಳಿಗೆ ನಿದ್ದೆ ಬಂತು, ಬಾಗಿಲು ತೆರೆದಿದ್ದಾಗಲೇ.

ನಾನು ಟೆಂಟಿನ ಬೀದಿ ಕಡೆಯ ಬಾಗಿಲಲ್ಲಿ ಕೂತೆ. ಕಚ್ಚಿದ ಜಾಗ ನೀಲಿಗಟ್ಟಿ ಬಿಸಿಯಾಗಿತ್ತು. ಅವಳು ಏಳುವವರೆಗೂ ಹಾಗೇ ಕೂತಿದ್ದೆ. ಮಡಿಲಲ್ಲಿ ಕತ್ತರಿ ಇತ್ತು. ಅವತ್ತು ಕತ್ತರಿಸುವುದಕ್ಕೆ ಬಟ್ಟೆ ಯಾವುದೂ ಇರಲಿಲ್ಲ.