ಮರಳಿನ ಮೇಲೆ ಹಾಕಿದ ಸಾಲುಗಳು

ಅಂದು ಅಮಾವಾಸ್ಯೆ. ರಬಕವಿಯ ಮಗ್ಗಗಳಿಗೆಲ್ಲ ರಜೆ. ನಾನೂ ನನ್ನ ಹೆಂಡತಿ ಗೌರವ್ವನೂ ಎಂದಿನಂತೆ ರೊಟ್ಟಿ ಕಟ್ಟಿಕೊಂಡು ಕೃಷ್ಣೆಯ ದಂಡೆಗೆ ಹೋದೆವು. ಮರಳಿನ ಮೇಲೆ ಚಿತ್ರ ಹಾಕುವುದು ನಮ್ಮ ರೂಢಿ. ಕರಿ ಹರಳು, ಬಿಳಿ ಹರಳು, ಚಿಪ್ಪು, ಉದುರಿದ ಬೇವಿನ ಬೀಜ ಇಷ್ಟೇ ಸಾಮಾನು. ಗಿಡದಿಂದ ಏನನ್ನೂ ಕೀಳಬಾರದೆಂಬುದು ಅವಳ ಕಟ್ಟಳೆ.

ಮದುವೆಯಾಗಿ ಹನ್ನೊಂದು ವರ್ಷವಾದ ಗಂಡ ಹೆಂಡತಿ ಹರಳು ಆರಿಸುತ್ತ ಕೂತರೆ ಜನ ನಗದೆ ಇರುತ್ತಾರೆಯೇ? ಹೊಲ ಅಳೆಯಲು ಬಂದಿದ್ದ ಮುಂಬಯಿ ಸರಕಾರದ ಸಾಹೇಬರೊಬ್ಬರು ಒಮ್ಮೆ, “ಏನ್ ಕಳಕೊಂಡೀರಿ?” ಎಂದು ಕೇಳಿದ್ದರು.

“ಕಳಕೊಂಡಿಲ್ರಿ ಸಾಹೇಬ್ರ, ಸಿಕ್ಕದ್ದನ್ನ ಇಡಾಕತ್ತೀವಿ” ಎಂದಿದ್ದಳು ಗೌರವ್ವ.

ಚಿತ್ರವೆಂದರೆ ಬೇರೆಯವರು ಮೊದಲು ಗೆರೆ ಎಳೆಯುತ್ತಾರೆ. ನೇಕಾರರಿಗೆ ಅದು ಬಾರದು. ಸೀರೆಯಲ್ಲಿ ನವಿಲು ಕಾಲಿನಿಂದ ಹುಟ್ಟಿ, ಎಳೆ ಎಳೆಯಾಗಿ ಏರಿ, ತಲೆಗೆ ಮುಗಿಯುತ್ತದೆ. ನಾವೂ ಹಾಗೆಯೇ ಕೆಳಗಿನಿಂದ ಸಾಲು ಸಾಲಾಗಿ ಹರಳು ಇಡುತ್ತಿದ್ದೆವು. ಮೂಡುವುದು ಏನೆಂಬುದು ಅವಳ ತಲೆಯಲ್ಲಿ ಮಾತ್ರ. ಸಾಲಿಗೆ ಯಾವ ಹರಳು ಎಷ್ಟೆಂದು ಅವಳು ಎಣಿಕೆ ಹೇಳಬೇಕು, ನಾನು ಇಡಬೇಕು. ಒಮ್ಮೆ ನನ್ನ ಎಣಿಕೆ ತಪ್ಪಿ ಆನೆಗೆ ಐದು ಕಾಲಾದವು.

“ಇರ್ಲಿ ಬಿಡ್ರಿ, ಜಲ್ದಿ ನಡೀತೈತಿ” ಎಂದಳು.

ಆ ದಿನ ಹನ್ನೆರಡು ಸಾಲು ಆಗಿದ್ದವು. ಕೆಳಗೆ ಕಿರಿದು, ಮೇಲೇರಿದಂತೆ ಅಗಲ. ಅಷ್ಟರಲ್ಲಿ ಮೋಡ ಕವಿಯಿತು, ಎದ್ದೆವು. ದಾರಿಯಲ್ಲಿ, ಅದೇನೆಂದು ಕೇಳಿದೆ.

“ಅಷ್ಟ್ಯಾಕ ಅವಸರ? ಬರೂ ಅಮಾಸಿಗೆ ಹೊಳ್ಳಿ ಹಾಕೂಣು. ಆವಾಗ ನಿಮಗ ತಿಳೀತೈತಿ.”

ಮರುದಿನ ಜ್ವರ ಬಂತು. ಒಂಬತ್ತನೆಯ ದಿನ ತೀರಿಕೊಂಡಳು.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಅದರಲ್ಲಿ ಬಹಳಷ್ಟು ಮರೆತಿದೆ, ಆದರೆ ನೇಕಾರನಿಗೆ ಎಣಿಕೆ ಮರೆಯುವುದಿಲ್ಲ. ಎರಡು ತಿಂಗಳ ಮೇಲೆ ದಂಡೆಗೆ ಹೋಗಿ ಆ ಹನ್ನೆರಡು ಸಾಲುಗಳನ್ನು ಮತ್ತೆ ಇಟ್ಟೆ. ಅವಳ ತಮ್ಮನನ್ನೂ ನೆರೆಮನೆಯ ನೀಲವ್ವನನ್ನೂ ಕರೆದುಕೊಂಡು ಹೋಗಿದ್ದೆ.

“ದೋಣಿ ಐತಿ ಮಾಮಾ” ಎಂದ ತಮ್ಮ.

“ದೋಣಿ ಅಂತ, ದೋಣಿ. ಗಂಡಸರಿಗೆ ಏನ್ ತಿಳೀತೈತಿ? ಇದು ತೊಟ್ಟಿಲ” ಎಂದ ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತುಸು ಹೊತ್ತಿನ ಮೇಲೆ, “ಕೊಡಾನೂ ಇರಬಹುದು” ಎಂದಳು. ನಮಗೆ ಮಕ್ಕಳಿಲ್ಲ.

ಗೌರವ್ವ ನನಗೆ ಏನನ್ನೋ ಹೇಳುವವಳಿದ್ದಳೇ, ಅಥವಾ ಬರಿಯ ಕೊಡವೇ? ಈಗ ಪ್ರತಿ ಅಮಾವಾಸ್ಯೆಗೂ ಮೂವರೂ ಹೋಗುತ್ತೇವೆ. ಅವರಿಬ್ಬರು ಹರಳು ಆರಿಸಿ ಕೊಡುತ್ತಾರೆ, ಮನಸಾರೆ ಜಗಳವಾಡುತ್ತಾರೆ. ಮುಂದಿನ ಸಾಲು ಕಿರಿದಾದರೆ ಕೊಡ, ಇನ್ನೂ ಅಗಲವಾದರೆ ದೋಣಿ, ಎರಡು ತುದಿಗಳಷ್ಟೇ ಮೇಲೆದ್ದರೆ ತೊಟ್ಟಿಲು. ಮೂರನ್ನೂ ಇಟ್ಟು ನೋಡಿದ್ದೇನೆ. ಮರಳು ಯಾವುದನ್ನೂ ಬೇಡವೆನ್ನುವುದಿಲ್ಲ. ನನಗೂ ಮೂರೂ ಸರಿಯೆಂದೇ ಕಾಣುತ್ತವೆ, ಅದೇ ತೊಂದರೆ. ಇಟ್ಟು ನೋಡಿ, ಆ ಸಾಲನ್ನು ಮತ್ತೆ ತೆಗೆಯುತ್ತೇನೆ.

ಹದಿಮೂರನೆಯ ಸಾಲಿನ ಎಣಿಕೆ ನನಗೆ ಗೊತ್ತಿಲ್ಲ.