ಭಂಡಾರದ ಗೆರೆಗೆ ಬಂದ ಉಪ್ಪು

ಸುಜಾತಾಳ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ನಮ್ಮ ಶಿರಗುಪ್ಪಿಯ ಹೊಲದಲ್ಲಿ, ಕುರಿಗಳ ನಡುವೆ. ಕಬ್ಬು ಕಡಿದ ಮೇಲೆ ನಾವು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಹಿಂಡು ನಿಲ್ಲಿಸುತ್ತೇವೆ. ಮಂಗಸೂಳಿ ಕಡೆಯ ಗಂಗಾರಾಮ ಮತ್ತು ಅವನ ಹೆಂಡತಿ ಸತ್ತೆವ್ವ ವರ್ಷವೂ ತಮ್ಮ ಹಿಂಡು ತರುತ್ತಾರೆ. ಅವತ್ತು ಅವರಿಗೆ ರೊಟ್ಟಿ ಬುತ್ತಿ ಒಯ್ದಿದ್ದೆ. ಮಕ್ಕಳ ಸುದ್ದಿ ಕೇಳಿದ್ದಕ್ಕೆ ಸತ್ತೆವ್ವ ಹೇಳಿದಳು:

"ನಮ್ಮ ಸುಜಾತಾ ಉಪ್ಪಿನ ಲೆಕ್ಕಾ ಮಾಡಾಕತ್ತಾಳ್ರಿ ಅಕ್ಕಾರ."

"ಯಾವ ಅಂಗಡ್ಯಾಗಬೇ?"

"ಅಂಗಡ್ಯಾಗ ಅಲ್ರಿ, ಕಾಲೇಜಿನ್ಯಾಗ. ಗ್ವಾಡ್ಯಾಗಿನ ಉಪ್ಪು ಯಾವಾಗ ಹೊರಗ ಬರತೈತಿ, ಎಲ್ಲಿ ಬರತೈತಿ ಅಂತ ಲೆಕ್ಕಾ ಹಾಕತಾಳಂತ. ಅವರಪ್ಪ ಅಂತಾನ, ಅದನ್ನ ನಮ್ಮ ಕುರಿ ನೆಕ್ಕಿ ಹೇಳತಾವಲ್ಲ, ಅದಕ್ಕ ಇಷ್ಟ್ಯಾಕ ಓದಬೇಕು ಅಂತ!"

ಇಬ್ಬರೂ ನಕ್ಕೆವು. ಆದರೆ ಮನೆಗೆ ಬರುವ ದಾರಿಯಲ್ಲಿ ನನಗೆ ನಗು ಉಳಿಯಲಿಲ್ಲ. ಹೊಳೆ ಬಂದ ವರ್ಷ ನೀರು ನಮ್ಮ ನಡುಮನೆಯಲ್ಲಿ ಬಂದು ಕೂತಿತ್ತು. ನೀರು ಇಳಿದು ಹೋಯಿತು, ಗೋಡೆ ಮಾತ್ರ ಆರಲಿಲ್ಲ. ಹಿಟ್ಟು ಬಳಿದಂತೆ ಬೆಳ್ಳಗೆ ಉಪ್ಪು ಬಿಡುತ್ತಿತ್ತು. ನನ್ನ ಮಗ ಭಾವುಸಾಹೇಬ ಸಿಮೆಂಟಿನ ಗಿಲಾವು ಮಾಡಿಸಿದ. ಅದು ಹಪ್ಪಳದ ಹಾಗೆ ಉಬ್ಬಿ ಬಿತ್ತು. ಮತ್ತೆ ಮಾಡಿಸಿದ, ಮತ್ತೆ ಬಿತ್ತು, ಈ ಸಲ ಇಟ್ಟಂಗಿಯ ಮುಖವನ್ನೂ ಕಿತ್ತುಕೊಂಡೇ ಬಿತ್ತು. ಗೋಡೆ ಕೆಡವುವ ಮಾತು ಆಗಲೇ ನಡೆದಿತ್ತು. ನಾನು ಸತ್ತೆವ್ವನಿಗೆ ಹೇಳಿ ಕಳಿಸಿದೆ, ನಿನ್ನ ಮಗಳನ್ನು ಒಮ್ಮೆ ಕಳಿಸು ಎಂದು.

ಹುಡುಗಿ ಸ್ಕೂಟಿಯ ಮೇಲೆ ಬಂದಳು. ಬಡಕಲು ಮೈ, ಅಡವಿಯಲ್ಲಿ ಕುರಿ ಕರೆದು ಬೆಳೆದ ದೊಡ್ಡ ದನಿ. ಚಹಾ ಆರುತ್ತಿದೆ ಅಂದರೂ ಕೇಳದೆ ಸೀದಾ ಗೋಡೆಗೆ ಹೋಗಿ, ಬೆರಳಿನಿಂದ ಬಿಳಿ ಪುಡಿ ತೆಗೆದು ನಾಲಿಗೆಗೆ ಇಟ್ಟುಕೊಂಡಳು.

"ಅಯ್ಯ, ಕುರಿಗತೆ ನೆಕ್ಕತಾಳಲ್ಲ ಇಕಿ!" ಎಂದಳು ನನ್ನ ಸೊಸೆ ಸುಂದರಾ.

"ಕುರಿಯವರ ಮಗಳ ಅಲ್ಲೇನ್ರಿ ವೈನಿ? ಆ ಕುರಿಗೋಳ ನನ್ನ ಮೊದಲನೇ ಮಾಸ್ತರು. ಹಾಳ ಗ್ವಾಡಿ ಕಂಡ್ರ ಸಾಕ, ಎಲ್ಲಾ ಕುರಿ ಒಂದ ಪಟ್ಟಿ ಹಿಡಿದು ನೆಕ್ಕತಿದ್ದುವು. ಕೆಳಗೂ ಇಲ್ಲ, ಮ್ಯಾಲೂ ಇಲ್ಲ. ಅಲ್ಲೇ ಯಾಕ ಅಂತ ಸಣ್ಣಾಕಿದ್ದಾಗಿಂದ ನನ್ನ ತಲ್ಯಾಗ ಕುಂತೈತಿ."

ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದಳು. ಮಣ್ಣಿನ ಗಡಿಗೆಯಲ್ಲಿ ಉಪ್ಪು ಇಟ್ಟರೆ ಹೊರಮೈಗೆ ಉಪ್ಪು ಒಸರುವುದಿಲ್ಲವೇ, ಗೋಡೆಯೂ ಹಾಗೆಯೇ. ಇಟ್ಟಂಗಿಯೊಳಗೆ ಕಣ್ಣಿಗೆ ಕಾಣದ ತೂತುಗಳಿವೆ. ನೆಲದ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಅವುಗಳಲ್ಲಿ ಏರುತ್ತದೆ, ಜೊತೆಗೆ ಉಪ್ಪನ್ನೂ ಒಯ್ಯುತ್ತದೆ. ನೀರು ಗೋಡೆಯ ಚರ್ಮದ ತನಕ ಬಂದು ಆರಿದರೆ ಉಪ್ಪು ಹೊರಗೆ ಕೂಡುತ್ತದೆ, ಝಾಡಿಸಿದರೆ ಮುಗಿಯಿತು. ಒಳಗೇ ಆರಿದರೆ ಉಪ್ಪು ಇಟ್ಟಂಗಿಯ ಹೊಟ್ಟೆಯಲ್ಲಿ ಬೆಳೆದು ಅದನ್ನು ಒಡೆಯುತ್ತದೆ.

"ಬೆವತ ಮನಶಾಗ ರಬ್ಬರಿನ ಅಂಗಿ ತೊಡಿಸಿದಂಗ ಆಗೇತಿ ನಿಮ್ಮ ಸಿಮೆಂಟು," ಅಂದಳು ಭಾವುಸಾಹೇಬನಿಗೆ. "ಇದನ್ನ ಕಿತ್ತು ಸುಣ್ಣದ ಗಿಲಾವು ಹಾಕೂಣ್ರಿ ದಾದಾ. ಎಷ್ಟ ಉಪ್ಪು, ಯಾವ ತಿಂಗಳಾಗ, ಯಾವ ಎತ್ತರಕ್ಕ ಹೊರಗ ಬರತೈತಿ ನಾ ಲೆಕ್ಕಾ ಹಾಕಿ ಹೇಳತೀನಿ."

"ಲೆಕ್ಕದಲೆ ಗ್ವಾಡಿ ನಿಂದರತೈತೇನವಾ?"

"ಸಿಮೆಂಟಲೆ ನಿಂತಿತ್ತೇನ?" ಎಂದೆ ನಾನು.

ಚಹಾ ಕುಡಿಯುವಾಗ ಅವಳು ದನಿ ತಗ್ಗಿಸಿ ನನಗೊಬ್ಬಳಿಗೇ ಹೇಳಿದಳು. "ಆಯಿ, ಕಂಪ್ಯೂಟರದಾಗ ನನ್ನ ಲೆಕ್ಕಾ ಬರೋಬ್ಬರಿ ಬರತೈತ್ರಿ. ಖರೇ ಗ್ವಾಡಿ ಮ್ಯಾಲ ತೋರಸು ಅಂತಾರ ನಮ್ಮ ಗೈಡ್ ಮೇಡಂ. ಹೊಳಿ ದಂಡಿ ಊರೆಲ್ಲಾ ತಿರಿಗೀನಿ, ಯಾರೂ ಗ್ವಾಡಿ ಕೊಡವಲ್ರು. ಸಂಕ್ರಾಂತಿ ತನಾ ತೋರಸಲಿಲ್ಲಂದ್ರ ನನ್ನ ಡಾಕ್ಟರೇಟು ಅಷ್ಟ. ಇಷ್ಟ ವರ್ಷ ಓದಿದ್ದೆಲ್ಲಾ ನೀರಾಗ ಹೋಗತೈತಿ."

ಸಂಕ್ರಾಂತಿಯ ತನಕ ಗೋಡೆ ಅವಳದು ಎಂದು ಮಾತಾಯಿತು. ಸಿಮೆಂಟು ಕಿತ್ತರು, ಸುಣ್ಣ-ಉಸುಕಿನ ಗಿಲಾವು ಹಾಕಿದರು. ಗೋಡೆಯ ತೇವ ಅಳೆಯಲು ಕಡ್ಡಿಪೆಟ್ಟಿಗೆಯಂಥವು ನಾಲ್ಕಾರು ಅಂಟಿಸಿ ಹೋದಳು. ಬಂದಾಗೊಮ್ಮೆ ಕಂಪ್ಯೂಟರಿನಲ್ಲಿ ಗೋಡೆಯ ಚಿತ್ರ ತೋರಿಸುತ್ತಿದ್ದಳು. ಕೆಂಪು, ನೀಲಿ, ಹಳದಿ ತುಂಡುಗಳು, ಥೇಟ್ ನಾನು ಹೊಲಿಯುವ ಕೌದಿ. ನೀಲಿ ಅಂದರೆ ಹಸಿ, ಕೆಂಪು ಅಂದರೆ ಉಪ್ಪು ಎಂಬಷ್ಟು ನಾನೂ ಕಲಿತೆ. ಅವಳು ಹೇಳಿದ ಎತ್ತರಕ್ಕೇ ತೆಳುವಾಗಿ ಉಪ್ಪು ಮೂಡತೊಡಗಿತು. ಗಿಲಾವು ಉಬ್ಬಲಿಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ನಾನು ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗಿ ಭಂಡಾರದ ಅರಿಸಿನ ತಂದು ಮನೆಯ ಹೊಸ್ತಿಲು ದಾಟಿದರೆ ನಡುಮನೆ ತಳತಳ ಹೊಳೆಯುತ್ತಿದೆ. ಘಟ ಹಾಕುವ ಮೊದಲು ಹಾಸಿಗೆ, ಪಾತ್ರೆ, ಗೋಡೆ ಎಲ್ಲ ತೊಳೆಯುವುದು ನಮ್ಮಲ್ಲಿ ನಡೆದು ಬಂದದ್ದು. ಸುಂದರಾ ಮೋಟಾರಿನ ಪೈಪು ಹಿಡಿದು, ಗೋಡೆಯನ್ನು ಎದೆಮಟ್ಟ ತಿಕ್ಕಿ ತೊಳೆದಿದ್ದಳು. ಅಂದೇ ಸಂಜೆ ಸುಜಾತಾ ಬಂದಳು. ಗೋಡೆ ನೋಡಿ ನೆಲಕ್ಕೆ ಕೂತೇಬಿಟ್ಟಳು.

"ಹೊರಗ ಬಂದ ಉಪ್ಪೆಲ್ಲಾ ಕರಗಿ ಮತ್ತ ಒಳಗ ಹೋತಲ್ರಿ ವೈನಿ! ಬ್ಯಾಸಗಿಯಿಂದ ಅಳದದ್ದೆಲ್ಲಾ ಹೋತು."

"ಘಟಾ ಹಾಕೂ ಮನ್ಯಾಗ ಗ್ವಾಡಿ ಹೊಲಸ ಇಡಬೇಕೇನು? ಎಲ್ಲಾರೂ ತೊಳೀತಾರ, ನಾನೂ ತೊಳದೀನಿ."

"ಎಲ್ಲಾರೂ? ಪ್ರತಿ ವರ್ಷಾ?"

"ಪ್ರತಿ ವರ್ಷಾ. ಯಾಕ, ನಿಮ್ಮನ್ಯಾಗ ತೊಳೆಯಂಗಿಲ್ಲೇನು?"

"ನಮ್ಮ ಮನಿಗೆ ಗ್ವಾಡಿ ಎಲ್ಲಿದ್ದುವ್ರಿ ವೈನಿ," ಎಂದಳು ಸುಜಾತಾ. "ನವರಾತ್ರ್ಯಾಗ ನಾವು ಕುರಿ ಕೂಡ ಅಡವ್ಯಾಗ ಇರತಿದ್ದಿವಿ. ಆಮ್ಯಾಲ ಹಾಸ್ಟೇಲು."

ಸುಂದರಾ ಒಳಗೆ ಹೋಗಿ ಅವಲಕ್ಕಿ ಕಲಸಿ ತಂದಿಟ್ಟಳು. ಸುಜಾತಾ ಅದನ್ನು ತಿನ್ನುತ್ತಾ ಗೋಡೆಯ ಒದ್ದೆ ಕಲೆಯನ್ನು ಗೇಣಿನಿಂದ ಅಳೆದಳು. ಆಮೇಲೆ ಕೇಳಿದಳು:

"ವೈನಿ, ಪೈಪು ಎಷ್ಟೊತ್ತು ಹಿಡದಿದ್ರಿ? ಮ್ಯಾಲಿಂದ ಬಿಟ್ರ್ಯೋ, ಕೆಳಗಿಂದ್ಯೋ? ಖರೇ ಹೇಳ್ರಿ, ಸಿಟ್ಟಾಗಂಗಿಲ್ಲ. ತಪ್ಪ ನನ್ನ ಲೆಕ್ಕದ್ದು. ಗ್ವಾಡಿ, ಗಾಳಿ, ಬಿಸಲು ಎಲ್ಲಾ ಹಾಕೀನಿ, ಗ್ವಾಡಿ ತೊಳಿಯೂ ಹೆಣ್ಮಗಳನ್ನ ಹಾಕಿಲ್ಲ. ನಮ್ಮ ಕಡಿ ಯಾವ ಗ್ವಾಡಿ ಆಕಿ ಕೈ ತಪ್ಪಿಸಿಕೊಂಡೈತಿ?"

ಸುಂದರಾ ಹೇಳಿದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಂಡು ಹೋದವಳು ಮರುದಿನ ಬಂದು, ತೊಳೆದ ಕಲೆಗಿಂತ ಒಂದು ಗೇಣು ಮೇಲೆ ಕೈ ಇಟ್ಟಳು. "ಒಳಗ ಹೋದ ಉಪ್ಪು ಈ ಎತ್ತರಕ್ಕ ಹೊರಗ ಬರತೈತಿ. ಚಳಿಗಾಲದ ಒಣಾ ಗಾಳಿ ಬಿಟ್ಟಮ್ಯಾಲ, ಸಂಕ್ರಾಂತಿ ಒಳಗ. ಆಯಿ, ಗೆರಿ ಹೊಡಿಯಾಕ ಏನರೆ ಕೊಡ್ರಿ."

ಕೈಗೆ ಸಿಕ್ಕಿದ್ದು ಭಂಡಾರದ ಪೊಟ್ಟಣ. ನೀರಲ್ಲಿ ಕಲಸಿ ಬೆರಳಿನಿಂದ ಉದ್ದಕ್ಕೆ ಗೆರೆ ಎಳೆದಳು. ಹೊಸ ಸುಣ್ಣ ತಾಗಿ ಅರಿಸಿನ ನೋಡನೋಡುತ್ತ ಕುಂಕುಮದ ಬಣ್ಣಕ್ಕೆ ತಿರುಗಿತು.

"ಮಲ್ಲಯ್ಯನ ಮಹಿಮಾ!" ಅಂದಳು ಸುಂದರಾ.

"ಬಣ್ಣಾ ಮಲ್ಲಯ್ಯ ಕೊಟ್ಟಾನ್ರಿ. ಉಪ್ಪು ನನ್ನ ಲೆಕ್ಕಾನ ಕೊಡಬೇಕು."

ದೀಪಾವಳಿ ಹೋಯಿತು. ಗೆರೆ ಬರಿದೇ ಇತ್ತು. ಭಾವುಸಾಹೇಬ ಬೆಳಿಗ್ಗೆ ಹಲ್ಲುಜ್ಜುತ್ತ ಬಂದು, "ಡಾಕ್ಟರಬಾಯಿ ಉಪ್ಪು ದಾರಿ ತಪ್ಪೇತಿ, ಕಾಗವಾಡ ಮುಟ್ಟಿರಬೇಕು" ಎಂದು ಹಂಗಿಸುವನು. ನಗುವಿಗೆ ನಗುತ್ತಿದ್ದೆ, ಒಳಗೆ ನನಗೂ ಅಳುಕು. ಸುಜಾತಾ ಫೋನು ಮಾಡಿ "ಇನ್ನೂ ಇಲ್ಲೇನ್ರಿ?" ಎಂದು ಕೇಳಿ, ನಮ್ಮ ಎಮ್ಮೆ ಕರು ಹಾಕಿತೇ ಎಂದು ಮಾತು ತಿರುಗಿಸುತ್ತಿದ್ದಳು.

ಕಬ್ಬಿನ ಗಾಡಿಗಳು ರಸ್ತೆಗೆ ಇಳಿದವು, ಮೈ ಒಡೆಯುವ ಗಾಳಿ ಬಿಟ್ಟಿತು. ಒಂದು ಮುಂಜಾನೆ ಸುಂದರಾ ರೊಟ್ಟಿ ತಟ್ಟುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಕೂಗಿದಳು. "ಅತ್ತೀ! ಲಗೂನ ಬರ್ರಿ! ಬಂದೈತಿ!"

ಕೆಂಪು ಗೆರೆಯ ಮೇಲೆ ಬಿಳಿ ನೂಲು ಸುತ್ತಿದಂತೆ ಉಪ್ಪು ಮೂಡಿತ್ತು. ಕಿಟಕಿಯ ಹತ್ತಿರ ಮಾತ್ರ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ಸುದ್ದಿ ಮುಟ್ಟಿದ್ದೇ ಸುಜಾತಾ ತನ್ನ ಮೇಡಂ ಅವರನ್ನು ಕರೆದುಕೊಂಡು ಬಂದಳು; ಆ ತಪ್ಪನ್ನು ಅವರಿಗೆ ಮೊದಲು ತೋರಿಸಿದವಳೂ ಅವಳೇ. "ಕಿಟಕಿ ಗಾಳಿ ಕಡಿಮಿ ಹಿಡದೀನ್ರಿ ಮೇಡಂ, ಇಲ್ಲಿ ತಪ್ಪೈತಿ" ಎಂದಳು. ಮೇಡಂ ಗೋಡೆಯ ಫೋಟೋ ತೆಗೆದರು, ಸುಂದರಾಳದನ್ನೂ ತೆಗೆದರು. ಆ ಬೇಸಿಗೆಯಲ್ಲಿ ಸುಜಾತಾ ಡಾಕ್ಟರೇಟಿನ ಪೇಢೆ ತಂದಳು. ಸತ್ತೆವ್ವ ಗೋಡೆಗೂ ಒಂದು ಹಚ್ಚಲು ಹೊರಟಿದ್ದಳು, ನಾವು ತಡೆದೆವು. ಗೋಡೆ ಇಂದಿಗೂ ನಿಂತಿದೆ. ಕೆಡವುವ ಮಾತನ್ನು ಭಾವುಸಾಹೇಬ ಎತ್ತುವುದಿಲ್ಲ.

ಈಗ ಅವಳು ಚಿಕ್ಕೋಡಿಯಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಾಳೆ. ರಜೆಯಲ್ಲಿ ಹೊಳೆ ದಂಡೆಯ ಮನೆಗಳ ಗೋಡೆ ನೋಡಿ ಬರುತ್ತಾಳೆ. ಈ ಸಲ ನವರಾತ್ರಿಯ ಹೊತ್ತಿಗೆ ಮತ್ತೆ ಬಂದಳು. ಗೋಡೆ ತೊಳೆಯಬೇಡಿ ಅನ್ನಲಿಕ್ಕೆ ಬಂದಿದ್ದಾಳೆ ಅಂದುಕೊಂಡು ಸುಂದರಾ ಪೈಪನ್ನು ಆಗಲೇ ಅಟ್ಟಕ್ಕೆ ಹಾಕಿದ್ದಳು. ಸುಜಾತಾ ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಳು.

"ಆಯಿ, ನಂದೊಂದು ಕೆಲಸಾ ಐತ್ರಿ. ಈ ಸಲ ಅರ್ಧಾ ಗ್ವಾಡಿ ಒಣಾ ಬಾರಿಗಿಲೆ ಝಾಡಸ್ರಿ, ಇನ್ನರ್ಧಾ ತೊಳೀರಿ, ಯಾವ ಅರ್ಧಾ ಚಲೋ ಉಳೀತೈತಿ ನೋಡೂಣ್ರಿ. ವೈನಿ ಪೈಪು ಬ್ಯಾಡ, ನಿಮ್ಮ ಕಾಲದಾಗ ಹೆಂಗ ತೊಳೀತಿದ್ರಿ ಹಂಗ, ಕೊಡದ ನೀರು, ಅರಿವಿ ತುಂಡು, ನಿಮ್ಮ ಕೈ. ಎಷ್ಟ ಕೊಡ ನೀರ ಹಿಡೀತು ಅನ್ನೂದಷ್ಟ ನೆನಪಿಟ್ಟ ನನಗ ಹೇಳ್ರಿ."